ಹೊಗಳಿಕೆಗೆ ಹೆದರಿ ಸಂಡೇ ಸ್ಕೂಲ್ ಸೇವೆ ಬಿಡಬೇಕೇ?

ಮಕ್ಕಳಿಗೆ ಬೈಬಲ್ ಪಾಠ ಹೇಳಿದಾಗ ಎಲ್ಲರೂ ಹೊಗಳುತ್ತಾರೆ, ಮನಸ್ಸು ಹಿಗ್ಗುತ್ತದೆ, ಗರ್ವ ಬಲಿಯುವ ಮೊದಲೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. 11 ವರ್ಷಗಳ ಹಿಂದೆ ನಾನು ಬಿಟ್ಟೆ. ಬಿಡಬಾರದಿತ್ತು.

ಆಗ ದೊಡ್ಡ ಮಕ್ಕಳ ತರಗತಿ ನನ್ನದು. ಸಹಾಯಕ್ಕೆಂದು ಬರುತ್ತಿದ್ದ ಹುಡುಗಿ ಒಂದು ಭಾನುವಾರ ಪಾಠ ಮುಗಿದ ಮೇಲೆ ಹಿಂಜರಿಯುತ್ತಲೇ ಹೇಳಿದಳು: "ಅಣ್ಣಾ, ನೀವು ಚೆನ್ನಾಗಿ ಹೇಳುತ್ತೀರಿ. ಆದರೆ ಮಕ್ಕಳಿಗೆ ಬಾಯಿ ತೆರೆಯಲು ಅವಕಾಶವೇ ಸಿಗುವುದಿಲ್ಲ." "ಹೌದಮ್ಮ, ತಿದ್ದಿಕೊಳ್ಳುತ್ತೇನೆ" ಎಂದೆ. ಮನೆ ಸೇರುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಎರಡು ವಾರ ಕಳೆದು ಚರ್ಚಿನ ಸಭಾಪಾಲಕರಿಗೆ (ಪಾದ್ರಿಗೆ) ಪತ್ರ ಕೊಟ್ಟೆ: "ಈ ಸೇವೆಗೆ ನಾನು ಯೋಗ್ಯನಲ್ಲ."

ಸೇವೆ ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು ಆ ಒಂದು ಮಾತು. "ನನಗೆ ಸಿಟ್ಟು ಬಂದಿದೆ" ಎಂದು ಬರೆದಿದ್ದರೆ ಯಾರಾದರೂ ಬಂದು ಬುದ್ಧಿ ಹೇಳುತ್ತಿದ್ದರು, ನಾನು ವಾದಿಸುತ್ತಿದ್ದೆ, ಸೋತಾದರೂ ಹಗುರಾಗುತ್ತಿದ್ದೆ. "ಯೋಗ್ಯನಲ್ಲ" ಎಂದವನಿಗೆ ಯಾರು ಏನು ಹೇಳಿಯಾರು? ಯಾರೂ ತಿದ್ದಲಾಗದಂಥ ಮಾತನ್ನು ನಾನು ಹುಡುಕಿ ಆರಿಸಿಕೊಂಡಿದ್ದೆ. ಅದು ದೀನತೆಯ ಭಾಷೆಯಾಗಿದ್ದರಿಂದ ನನಗೇ ನನ್ನ ಸಿಟ್ಟು ಕಾಣಿಸಲಿಲ್ಲ. ಮಂಡಿಯೂರಿ ಪ್ರಾರ್ಥಿಸುವಾಗಲೂ ಅದೇ ಮಾತನ್ನು ದೇವರ ಮುಂದೆ ಇಟ್ಟೆ. ಜೊತೆಗೆ, ಎಲ್ಲರೂ ಮನೆಗೆ ಬಂದು ಬೇಡಿಕೊಳ್ಳಲಿ ಎಂಬ ಆಸೆ ಬೇರೆ. ಸಭಾಪಾಲಕರು ನನ್ನ ವಿನಯವನ್ನು ಮೆಚ್ಚಿ, ಪ್ರಾರ್ಥಿಸಿ, ಪತ್ರವನ್ನು ಒಪ್ಪಿಕೊಂಡರು. ಯಾರೂ ಬರಲಿಲ್ಲ. ಕಾರಣ ತಾನೇ ಎಂದು ಆ ಹುಡುಗಿಗೆ ಗೊತ್ತಾಗಿತ್ತು. ಮೂರು ತಿಂಗಳಲ್ಲಿ ಅವಳೂ ಬಿಟ್ಟಳು, ತರಗತಿ ನಿಂತಿತು.

ನಾಮಾನನ ಕಥೆಯನ್ನು (2 ಅರಸುಗಳು 5) ಅದೆಷ್ಟು ಸಲ ಕಲಿಸಿದ್ದೆನೋ! ಅರಾಮ್ಯರ ಆ ಸೇನಾಪತಿ ಬೆಳ್ಳಿಬಂಗಾರ ಹೊರಿಸಿಕೊಂಡು, ರಥದಲ್ಲಿ ಪ್ರವಾದಿ ಎಲೀಷನ ಬಾಗಿಲಿಗೆ ಬಂದ. ಪ್ರವಾದಿಯೇ ಹೊರಬಂದು ತನ್ನ ಕುಷ್ಠವನ್ನು ವಾಸಿಮಾಡುತ್ತಾನೆ ಎಂದುಕೊಂಡಿದ್ದ. ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗಬೇಕೆಂದು ಆಳಿನ ಕೈಯಲ್ಲಿ ಹೇಳಿಕಳುಹಿಸಿದಾಗ ಸಿಟ್ಟಾಗಿ ರಥ ತಿರುಗಿಸಿದ. ಅವನು ವಾಸಿಯಾದದ್ದು ತನ್ನ ಸೇವಕರು ಹೇಳಿದ ಬುದ್ಧಿಮಾತಿಗೆ ಕಿವಿಗೊಟ್ಟದ್ದರಿಂದ. ನನಗೆ ಅಂಥ ಮಾತು ಹೇಳಿದ ಒಬ್ಬಳನ್ನೂ ನಾನು ಓಡಿಸಿಬಿಟ್ಟಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹಿಂದೆ ಸರಿಯುವುದೇ ದೀನತೆ ಎಂದು ನಿಮಗೆ ಯಾರು ಹೇಳಿದರು? ಅರಣ್ಯಕಾಂಡ 12:3 ಮೋಶೆಯನ್ನು ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕನೆಂದು ಕರೆಯುತ್ತದೆ. ಇಸ್ರಾಯೇಲ್ಯರನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿಕೊಂಡು ಬರಲು ಕರೆದಾಗ ಅದೇ ಮೋಶೆ ತನ್ನ ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳುಹಿಸು ಎಂದ; ದೇವರು ಅದನ್ನು ವಿನಯವೆಂದು ಮೆಚ್ಚಲಿಲ್ಲ, ಕೋಪಗೊಂಡನು (ವಿಮೋಚನಕಾಂಡ 4:14). ಯೋಹಾನ 13ನ್ನೂ ನಿಧಾನವಾಗಿ ಓದಿ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದು ತಿಳಿದೇ ಯೇಸು ಎದ್ದು ಶಿಷ್ಯರ ಕಾಲು ತೊಳೆದನು. ತಾನು ಏನೂ ಅಲ್ಲ ಎಂದು ಅವನು ಹೇಳಿಕೊಳ್ಳಲಿಲ್ಲ.

ಹೊಗಳಿಕೆಗೆ ಹಿಗ್ಗಿದ್ದಕ್ಕೆ ಇಷ್ಟು ಹೆದರಬೇಡಿ. ನಿಮ್ಮ ಪಾಠದಲ್ಲಿ ಯಾರಾದರೂ ಕೊನೆಯ ಸಲ ತಪ್ಪು ತೋರಿಸಿದ್ದು ಯಾವಾಗ, ಆಗ ನಿಮಗೆ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಿ. ಯಾರೂ ತೋರಿಸಿಯೇ ಇಲ್ಲವೆಂದಾದರೆ ಅದಕ್ಕೆ ಹೆದರಿ.

ನಾಲ್ಕು ವರ್ಷಗಳಾದ ಮೇಲೆ ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಅತ್ತಳು, ಕ್ಷಮಿಸಿದಳು. ಆದರೆ ಪಾಠ ಹೇಳಲು ಮತ್ತೆ ಬರಲಿಲ್ಲ. ನೀವು ಈ ಭಾನುವಾರ ತರಗತಿಗೆ ಹೋಗಿ. ಹೊಗಳಿದವರಿಗೆ ಧನ್ಯವಾದ ಹೇಳಿ, ಜೊತೆಗೆ ಕಲಿಸುವವರನ್ನು ಪಕ್ಕಕ್ಕೆ ಕರೆದು "ನಾನು ಎಲ್ಲಿ ತಪ್ಪುತ್ತಿದ್ದೇನೆ?" ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ನಡುವೆ ಮಾತನಾಡಬೇಡಿ.