ಮೈಕ್‌ಸೆಟ್ ಕಾಕಾನ ಪುಟ: ರ‍್ಯಾಪ್ ಯಾವ ಊರಿನ ಮಾತು?

ಹೋದ ತಿಂಗಳು ಹಿಪ್ ಹಾಪ್ ಅನ್ನು ಮೆಚ್ಚಿ ಇದೇ ಪುಟದಲ್ಲಿ ಎರಡು ಸಾಲು ಬರೆದಿದ್ದೆ. ಅದನ್ನು ಓದಿ ಮೂರು ಪತ್ರ ಬಂದಿವೆ. ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕಷ್ಟೇ ಉತ್ತರಿಸುತ್ತೇನೆ.

ಪ್ರಶ್ನೆ: ಕಾಕಾ, ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಮಾಡ್ತೀನಿ. ಮಷಿನ್ ಸದ್ದಿನ ನಡುವೆನೇ ಹುಡುಗರು ಮೊಬೈಲ್‌ನಲ್ಲಿ ರ‍್ಯಾಪ್ ಹಚ್ಚಿರ್ತಾರ. ಒಬ್ಬರು ರ‍್ಯಾಪ್ ಅಂತಾರ, ಇನ್ನೊಬ್ಬರು ಹಿಪ್ ಹಾಪ್ ಅಂತಾರ. ಎರಡೂ ಒಂದೇ ಏನು? ಯಾರು ಶುರು ಮಾಡಿದ್ದು ಇದನ್ನ?

ಉತ್ತರ: ತಂಗಿ, ನನ್ನದೇ ಒಂದು ಸಂಗತಿಯಿಂದ ಶುರು ಮಾಡ್ತೀನಿ. ಎಂಬತ್ತರ ದಶಕದಲ್ಲಿ ಗಂಗಾವತಿಯ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹಾರ್ನ್, ಆಂಪ್ಲಿಫೈಯರ್, ಬ್ಯಾಟರಿ, ರೆಕಾರ್ಡ್ ಪ್ಲೇಯರ್ ಎಲ್ಲಾ ಹೇರಿಕೊಂಡು ಮದುವೆ, ಜಾತ್ರೆಗೆ ಹೋಗೋದು. ಕಾರಟಗಿ ಹತ್ತಿರದ ಒಂದು ಮದುವೆಯಲ್ಲಿ ಹಚ್ಚಿದ ಹಾಡಿನ ನಡುವೆ ಹತ್ತು ಸೆಕೆಂಡಿನಷ್ಟು ಬರೀ ಢೋಲಕ್ ಇತ್ತು. ಹುಡುಗರು ಆ ಢೋಲಕ್ ಬಂದಾಗಷ್ಟೇ ಮೈಮರೆತು ಕುಣಿಯೋರು. ‘ಲೇ, ಅಷ್ಟನ್ನ ಮತ್ತ ಹಚ್ಚಲೇ!’ ಅಂತ ಕೂಗೋರು. ನಾನು ಮುಳ್ಳು ಎತ್ತಿ, ಗೆರೆ ನೋಡಿ, ಹಿಂದಕ್ಕೆ ಇಡುತ್ತಿದ್ದೆ. ಪ್ರತಿ ಸಲ ಹಾರ್ನ್‌ನಲ್ಲಿ ಕರ್ರ್ ಅಂತ ಸದ್ದು, ಆಮೇಲೆ ಎರಡು ಕ್ಷಣ ಏನೂ ಇಲ್ಲ. ಎತ್ತಿದ ಕಾಲು ಎತ್ತಿದಂಗೇ ನಿಲ್ಲೋದು. ರೆಕಾರ್ಡ್ ಕೆಟ್ಟಿತು ಅಂತ ಮಾಲೀಕರು ಆ ದಿನದ ಕೂಲಿ ಹಿಡಿದುಕೊಂಡರು.

ಆ ಎರಡು ಕ್ಷಣದ ಖಾಲಿಯನ್ನು ತುಂಬಿದ ಹುಡುಗನೇ ಹಿಪ್ ಹಾಪ್‌ನ ಮೂಲಪುರುಷ. ಹೆಸರು ಕ್ಲೈವ್ ಕ್ಯಾಂಪ್‌ಬೆಲ್, ಜನ ಕರೆಯೋದು ಡಿಜೆ ಕೂಲ್ ಹರ್ಕ್ ಅಂತ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ, 1967ರಲ್ಲಿ ಅಮೆರಿಕದ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದವನು. ಹಾಡಿನಲ್ಲಿ ಬರೀ ತಾಳವಾದ್ಯ ಉಳಿಯುವ ಜಾಗ ಬಂದಾಗ ಜನ ಹೆಚ್ಚು ಕುಣಿಯುತ್ತಾರೆ ಅನ್ನೋದನ್ನ ಅವನೂ ಗಮನಿಸಿದ. ಆ ಜಾಗಕ್ಕೆ ಬ್ರೇಕ್ ಅಂತಾರೆ. ಅವನು ಎರಡು ಪ್ಲೇಯರ್ ಇಟ್ಟ, ಎರಡರ ಮೇಲೂ ಒಂದೇ ರೆಕಾರ್ಡ್ ಇಟ್ಟ. ಇತ್ತ ಬ್ರೇಕ್ ಮುಗಿಯುತ್ತಲೇ ಅತ್ತಲಿನದು ಶುರು. ಅದು ನಡೆಯುತ್ತಿರುವಾಗ ಇತ್ತಲಿನದನ್ನು ಹಿಂದಕ್ಕೆ ತಿರುಗಿಸಿ ಇಡೋದು. ಹತ್ತು ಸೆಕೆಂಡು ಹತ್ತು ನಿಮಿಷ ಆಯಿತು. ಇದನ್ನು ಮೊದಲ ಸಲ ಓದಿದ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಅಂಗಡಿಯಲ್ಲೂ ಪ್ಲೇಯರ್ ಎರಡಿದ್ದವು.

ಹಿಪ್ ಹಾಪ್ ಹುಟ್ಟಿದ ದಿನ ಅಂತ ಜನ ನೆನೆಯೋದು 1973ರ ಆಗಸ್ಟ್ 11ನ್ನು. ಅವತ್ತು ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂ, 1520ನೇ ನಂಬರಿನ ಕಟ್ಟಡದ ಹಾಲ್‌ನಲ್ಲಿ ಒಂದು ಪಾರ್ಟಿ ಆಯಿತು. ಅದನ್ನು ಏರ್ಪಾಟು ಮಾಡಿದವಳು ಹರ್ಕ್‌ನ ತಂಗಿ ಸಿಂಡಿ. ಶಾಲೆ ಶುರುವಾಗೋ ಮುಂಚೆ ಹೊಸ ಬಟ್ಟೆ ತಗೊಳ್ಳೋಕೆ ಅವಳಿಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ದರ. ಬಟ್ಟೆ ಹೊಲಿಯುವ ನಿನಗೆ ಇದು ಗೊತ್ತಿರಲಿ ತಂಗಿ: ಒಬ್ಬ ಹುಡುಗಿಗೆ ಹೊಸ ಬಟ್ಟೆಯ ಆಸೆ ಇರದಿದ್ದರೆ ಆ ಪಾರ್ಟಿಯೇ ಆಗುತ್ತಿರಲಿಲ್ಲ.

ಹರ್ಕ್ ರೆಕಾರ್ಡ್ ತಿರುಗಿಸುವಾಗ ಅವನ ಗೆಳೆಯ ಕೋಕ್ ಲಾ ರಾಕ್ ಮೈಕ್ ಹಿಡಿದು ಬಂದವರ ಹೆಸರು ಕೂಗುತ್ತಿದ್ದ. ನಮ್ಮ ಮದುವೆಯಲ್ಲಿ ಮೈಕ್ ಹಿಡಿದವನು ಮುಯ್ಯಿ ಓದಿದ ಹಾಗೆ ಅಂದುಕೋ. ಆ ಕೂಗು ಬರಬರುತ್ತಾ ಪ್ರಾಸ ಆಯಿತು, ಪ್ರಾಸ ಕತೆ ಆಯಿತು. ರ‍್ಯಾಪ್ ಅಂದರೆ ಅದು, ತಾಳದ ಮೇಲೆ ಮಾತು ಕಟ್ಟೋದು. ಹಿಪ್ ಹಾಪ್ ಅನ್ನೋದು ಇಡೀ ಸಂಸಾರದ ಹೆಸರು. ರೆಕಾರ್ಡ್ ತಿರುಗಿಸುವ ಡಿಜೆ, ಮಾತಾಡುವ ಎಂಸಿ, ಬ್ರೇಕ್ ಬಂದಾಗ ನೆಲಕ್ಕೆ ಬಿದ್ದು ಕುಣಿಯುವ ಹುಡುಗರು, ಗೋಡೆ ಮತ್ತು ರೈಲಿನ ಮೇಲೆ ಬಣ್ಣದಲ್ಲಿ ಹೆಸರು ಬರೆಯುವವರು, ಎಲ್ಲರೂ ಆ ಸಂಸಾರದವರೇ.

ಆಗ ಬ್ರಾಂಕ್ಸ್ ಪಾಡು ಏನಿತ್ತು ಅಂದರೆ, ಊರಿನ ನಡುವೆ ಹೆದ್ದಾರಿ ಸೀಳಿಕೊಂಡು ಹೋಗಿ ಸಾವಿರಾರು ಮನೆ ಹೋಗಿದ್ದವು. ಎಷ್ಟೋ ಮಾಲೀಕರು ವಿಮೆ ದುಡ್ಡಿಗಾಗಿ ತಮ್ಮ ಕಟ್ಟಡಕ್ಕೇ ಬೆಂಕಿ ಹಾಕಿಸುತ್ತಿದ್ದರು. ಅಂಥಾ ಜಾಗದಲ್ಲಿ ಹುಡುಗರು ಬೀದಿದೀಪದ ಕಂಬದಿಂದ ಕರೆಂಟ್ ಎಳೆದು ಪಾರ್ಕಿನಲ್ಲಿ ಮೈಕ್‌ಸೆಟ್ ಹೂಡಿದರು. ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬಾತ ಬ್ರೇಕ್ ಎಲ್ಲಿ ಶುರುವಾಗುತ್ತದೆ ಅಂತ ರೆಕಾರ್ಡಿನ ಮೇಲೇ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಗಡಿಯಾರದ ಮುಳ್ಳು ನೋಡಿದಂತೆ ನೋಡಿ ಹಿಂದಕ್ಕೆ ತಿರುಗಿಸುತ್ತಿದ್ದ. ಗ್ರಾಂಡ್ ವಿಝರ್ಡ್ ಥಿಯೋಡೋರ್ ಎಂಬ ಹುಡುಗನಿಗೆ ಅವನ ತಾಯಿ ಬಾಗಿಲಿಗೆ ಬಂದು ಸದ್ದು ಕಡಿಮೆ ಮಾಡು ಅಂತ ಗದರಿದಳಂತೆ. ಕೈಯಲ್ಲಿ ರೆಕಾರ್ಡ್ ಹಿಡಿದುಕೊಂಡೇ ಕೇಳುತ್ತಿದ್ದವನು ಅದನ್ನು ಹಿಂದೆ ಮುಂದೆ ಅಲ್ಲಾಡಿಸಿದ. ಆ ಕರ್ರ್ ಸದ್ದು ಅವನಿಗೆ ಹಿಡಿಸಿತು, ಅದನ್ನೇ ವಾದ್ಯ ಮಾಡಿಕೊಂಡ. ಸ್ಕ್ರ್ಯಾಚ್ ಅನ್ನೋದು ಅದನ್ನೇ. ನನ್ನ ಕೂಲಿ ಹೋದದ್ದೂ ಅದೇ ಸದ್ದಿಗೆ.

ಪ್ರಶ್ನೆ: ನಾನು ಕೊಪ್ಪಳದ ನಿವೃತ್ತ ಶಿಕ್ಷಕ. ರ‍್ಯಾಪ್‌ನಲ್ಲಿ ನನಗೆ ಕೇಳಿಸುವುದು ಬೈಗುಳ, ಬಂಗಾರದ ಸರ, ದೊಡ್ಡ ಕಾರು. ಮಕ್ಕಳ ಮುಂದೆ ಇಂಥದ್ದನ್ನು ಹೊಗಳುವುದು ಸರಿಯೇ?

ಉತ್ತರ: ಗುರುಗಳೇ, ನಿಮ್ಮ ಆಕ್ಷೇಪಣೆ ಸುಳ್ಳಲ್ಲ. ಹೆಣ್ಣುಮಕ್ಕಳನ್ನು ಹೀಯಾಳಿಸುವ ರ‍್ಯಾಪ್ ಬೇಕಾದಷ್ಟಿದೆ, ಅಂಥದ್ದು ನನ್ನ ಮನೆಯಲ್ಲಿ ಹಚ್ಚಲು ಬಿಡೋದಿಲ್ಲ. 1979ರಲ್ಲಿ ಸಿಲ್ವಿಯಾ ರಾಬಿನ್ಸನ್ ಎಂಬ ಹೆಣ್ಣುಮಗಳು ಶುಗರ್‌ಹಿಲ್ ಗ್ಯಾಂಗ್ ಎಂಬ ತಂಡವನ್ನು ಕಟ್ಟಿ ರೆಕಾರ್ಡ್ ತಂದರು. ಅದು ದೇಶದ ತುಂಬಾ ಮಾರಾಟವಾಯಿತು. ಅಲ್ಲಿಂದ ಇದು ವ್ಯಾಪಾರವೂ ಆಯಿತು. ಮಾರಾಟ ಆಗುವುದು ಯಾವುದೋ ಅದನ್ನೇ ಕಂಪನಿಗಳು ಮತ್ತೆ ಮತ್ತೆ ಕೇಳಿದವು. ಆದರೆ ಮೂರೇ ವರ್ಷಕ್ಕೆ, 1982ರಲ್ಲಿ, ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್‌ನ ತಂಡದ ಹೆಸರಿನಲ್ಲಿ ಬ್ರಾಂಕ್ಸ್‌ನ ಬಡತನವನ್ನೇ ನೇರವಾಗಿ ಹೇಳುವ ಹಾಡು ಬಂತು, ಜನ ಅದನ್ನೂ ಎತ್ತಿಕೊಂಡರು. ಬ್ರೆಜಿಲ್‌ನ ಸಾವೊ ಪಾವ್ಲೊ ಅಂಚಿನ ಬಡ ಬಡಾವಣೆಗಳಿಂದ ಬಂದ ರಾಸಿಯೊನೈಸ್ ಎಂಸಿಸ್ ತಂಡದ 1997ರ ಆಲ್ಬಂ ಅಲ್ಲಿನ ಕಂಪಿನಾಸ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಓದಿನ ಪಟ್ಟಿ ಸೇರಿತು. 2018ರಲ್ಲಿ ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಾಮಾರ್‌ಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ಶಾಲೆಯಲ್ಲಿ ನೀವು ಒಳ್ಳೆಯ ಪದ್ಯ, ಕೆಟ್ಟ ಪದ್ಯ ಬೇರೆ ಮಾಡಿ ತೋರಿಸಿದವರು. ಇಲ್ಲೂ ಮಕ್ಕಳಿಗೆ ಅದನ್ನೇ ಮಾಡಿಕೊಡಿ ಅಂತ ನನ್ನ ಬೇಡಿಕೆ.

ಪ್ರಶ್ನೆ: ಕಾಕಾ, ನಾನು ಸಿಂಧನೂರು ತಾಲ್ಲೂಕಿನವನು, ಬಿ.ಎ. ಎರಡನೇ ವರ್ಷ. ರ‍್ಯಾಪ್ ಬರೀತೀನಿ. ಗೆಳೆಯರು, ‘ನಮ್ಮ ಕಡೆ ಭಾಷೆ ಹಾಕಿದರ ನಗ್ತಾರ, ಬೆಂಗಳೂರು ಕನ್ನಡದಾಗ ಬರಿ’ ಅಂತಾರ. ನನ್ನ ಎರಡು ಸಾಲು: ‘ನಾನು ನಡೆದು ಬರುತ್ತಿದ್ದೇನೆ, ಕನಸು ಹೊತ್ತು ತರುತ್ತಿದ್ದೇನೆ.’ ಹೆಂಗದಾವ?

ಉತ್ತರ: ತಮ್ಮಾ, ಆ ಎರಡು ಸಾಲು ನನಗೆ ಹಿಡಿಸಲಿಲ್ಲ. ನೀನು ಕಾಗದದ ಹಿಂದುಗಡೆ ಏನೋ ಬರೆದು ಅಡ್ಡ ಗೀಟು ಎಳೆದಿದ್ದೀಯಲ್ಲ, ಅದನ್ನು ಬೆಳಕಿಗೆ ಹಿಡಿದು ಓದಿದೆ: ‘ಬಿಸಿಲ ನಾಡಿನ್ಯಾಗ ಹುಟ್ಟಿ ಹಸರ ನೋಡಾಕ ಕಾಲುವಿ ಕಾದೀವಿ, ಕೆಸರಾಗ ನೆಲ್ಲು ಹಚ್ಚಿದಾಕಿ ಹೆಸರ ಯಾರೂ ಕೇಳಲಿಲ್ಲ.’

ಇದನ್ನ ಯಾಕೆ ಹೊಡೆದು ಹಾಕಿದಿ?

ನೋಡು, ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರ್ತದ. ಹಂಗಾಗಿ ಸಾಲಿನ ಕೊನೆಯಲ್ಲಿ ಪ್ರಾಸ ಬಿಟ್ಟಿ ಸಿಗ್ತದ. ಬರುತ್ತಿದ್ದೇನೆ, ತರುತ್ತಿದ್ದೇನೆ, ಇರುತ್ತಿದ್ದೇನೆ ಅಂತ ರಾತ್ರಿಯೆಲ್ಲಾ ಬರೀಬಹುದು. ಕೇಳುವವನ ಕಿವಿ ಎರಡನೇ ಸಾಲಿಗೇ ಮಲಗ್ತದ. ಗೀಟು ಎಳೆದ ಸಾಲುಗಳಲ್ಲಿ ಬಿಸಿಲು, ಹಸರು, ಕೆಸರು, ಹೆಸರು ನಾಲ್ಕರಲ್ಲೂ ಎರಡನೇ ಅಕ್ಷರದ ವ್ಯಂಜನ ‘ಸ್’. ಹಳೆಗನ್ನಡದ ಕವಿಗಳು ಪದ್ಯದ ಸಾಲು ಸಾಲಿಗೆ ಪಾಲಿಸಿದ ಆದಿಪ್ರಾಸ ಇದೇ. ನಿನಗೆ ಗೊತ್ತಿಲ್ಲದೆಯೇ ಬಂದಿದೆ. ‘ಹುಟ್ಟಿ’, ‘ಹಚ್ಚಿದಾಕಿ’ ಅನ್ನುವಾಗಿನ ಒತ್ತು ಡ್ರಮ್ ಬಡಿದಂಗ ಬೀಳ್ತದ.

ಭಾಷೆಯ ಸಂಕೋಚ ನಿನಗೊಬ್ಬನಿಗೇ ಬಂದದ್ದಲ್ಲ. ಸೆನೆಗಲ್‌ನಲ್ಲಿ ಶಾಲೆ, ಕಚೇರಿ ಎಲ್ಲಾ ಫ್ರೆಂಚ್‌ನಲ್ಲಿ, ಆದರೂ ರಾಜಧಾನಿ ಡಾಕಾರ್‌ನ ಹುಡುಗರು ಮನೆಯಲ್ಲಿ ಆಡುವ ವೊಲೊಫ್‌ನಲ್ಲಿ ರ‍್ಯಾಪ್ ಕಟ್ಟಿದರು. 2011ರಲ್ಲಿ, ಕರೆಂಟ್ ಹೋಗಿ ಹೋಗಿ ಜನ ಬೇಸತ್ತಾಗ, ಅಲ್ಲಿನ ರ‍್ಯಾಪರ್‌ಗಳು ಪತ್ರಕರ್ತರ ಜೊತೆ ಸೇರಿ ‘ಸಾಕಾಗಿದೆ’ ಎಂಬರ್ಥದ ಹೆಸರಿಟ್ಟುಕೊಂಡು ಚಳವಳಿಯನ್ನೇ ಎಬ್ಬಿಸಿದರು. ಬೊಲಿವಿಯಾದ ಎಲ್ ಆಲ್ಟೊದಲ್ಲಿ ಐಮಾರಾ ಭಾಷೆಯ ರ‍್ಯಾಪ್ ಇದೆ. ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಬಾಬಾ ಸೆಹಗಲ್ ಹಿಂದಿಯಲ್ಲಿ ಹಾಡಿ ದಾರಿ ಮಾಡಿದರು. ಆಮೇಲೆ ಮುಂಬೈನ ಗಲ್ಲಿಗಳಿಂದ ಡಿವೈನ್, ನೇಝಿ ಎಂಬ ರ‍್ಯಾಪರ್‌ಗಳು ಗಲ್ಲಿಯ ಮಾತಿನಲ್ಲೇ ಬಂದರು. ಚಂದನ್ ಶೆಟ್ಟಿ, ‘ಆಲ್ ಓಕೆ’ ಎಂಬ ರ‍್ಯಾಪರ್‌ಗಳು ಕನ್ನಡದಲ್ಲಿ ರ‍್ಯಾಪ್ ನಿಲ್ಲುತ್ತದೆ ಅಂತ ತೋರಿಸಿದ್ದಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಮಾತು ಇನ್ನೂ ಜೋರಾಗಿ ಕೇಳಬೇಕು.

ಕೆಲವರು ನಮ್ಮ ಗೀಗೀ ಪದವೇ ಜಗತ್ತಿನ ಮೊದಲ ರ‍್ಯಾಪ್ ಅಂತಾರೆ. ನಾನು ಒಪ್ಪೋದಿಲ್ಲ. ಬ್ರಾಂಕ್ಸ್ ಹುಡುಗರು ಕಷ್ಟಪಟ್ಟು ಕಂಡುಹಿಡಿದದ್ದರ ಶ್ರೇಯ ಅವರಿಗೇ ಸಲ್ಲಬೇಕು. ಆದರೆ ಕಲಿಯೋಕೆ ಗುರುಗಳು ನಮ್ಮ ಓಣಿಯಲ್ಲೇ ಇದ್ದಾರೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಕಲಿಯದೇ ಬುರ್ರಕಥೆಯ ಕಾವ್ಯಗಳನ್ನು ರಾತ್ರಿಗಟ್ಟಲೆ ನೆನಪಿನಿಂದ ಹಾಡುತ್ತಿದ್ದರು. ಅವರ ಧ್ವನಿ ಹುಡುಕಿ ಕೇಳು, ಉಸಿರು ಎಲ್ಲಿ ತಗೋತಾರ ಅನ್ನೋದನ್ನ ಗಮನಿಸು. ಈ ಮೊಹರಂಗೆ ಮುದಗಲ್‌ಗೆ ಹೋಗು, ರಿವಾಯತ್ ಪದ ಹಾಡುವವರ ಪಕ್ಕ ನಿಂತುಕೋ. ಒಬ್ಬ ಎತ್ತಿದ ಸಾಲನ್ನು ಮೇಳ ಎಲ್ಲಿ ಹಿಡೀತದ, ಹೆಜ್ಜೆ ಎಲ್ಲಿ ಬೀಳ್ತದ ನೋಡು.

ಬೀಟ್‌ಗೆ ದುಡ್ಡಿಲ್ಲ ಅಂತ ಪತ್ರದ ಕೊನೆಗೆ ಬರೆದಿದ್ದೀಯ. ಗೆಳೆಯನೊಬ್ಬನಿಗೆ ಹಲಗೆ ಬಾರಿಸಲು ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡು. ಗೀಟು ಎಳೆದ ಆ ಎರಡು ಸಾಲಿನಿಂದಲೇ ಶುರು ಮಾಡಿ, ನೆಲ್ಲು ಹಚ್ಚಿದಾಕಿ ಯಾರು ಅಂತ ಮೂರನೇ ಸಾಲಿನಲ್ಲಿ ಹೇಳು. ನಿಮ್ಮ ಅವ್ವ ಆಗಿದ್ದರೆ, ಮೊದಲು ಆಕಿಗೇ ಕೇಳಿಸಿ ಆಮೇಲೆ ನನಗೆ ಕಳಿಸು.