ಬೆಳಗಾವಿಯ ಬಿಷಪ್, ಶಾಸಕ: ಇಬ್ಬರ ಅಧಿಕಾರವೂ ಒಂದೇ ಬಗೆಯದೇ?

ಅಲ್ಲ. ಬೆಳಗಾವಿಯ ಕ್ಯಾಥೊಲಿಕ್ ಬಿಷಪ್‌ರನ್ನು ಪೋಪ್ ನೇಮಿಸುತ್ತಾರೆ. ಊರ ಚರ್ಚಿನ ಪಾಲನಾ ಮಂಡಳಿಗೆ ಸಲಹೆ ಕೊಡುವ ಹಕ್ಕಷ್ಟೇ. ಪೋಪ್ ಆಯ್ಕೆಗೇನೋ ಮತದಾನವಿದೆ: 80 ವರ್ಷ ತುಂಬದ ಕಾರ್ಡಿನಲ್‌ಗಳು (ಚರ್ಚಿನ ಉನ್ನತ ಧರ್ಮಾಧಿಕಾರಿಗಳು) ಚೀಟಿ ಹಾಕುತ್ತಾರೆ, ಮೂರನೇ ಎರಡರಷ್ಟು ಮತ ಬೇಕು. ಆದರೆ ಅಧಿಕಾರ ಕ್ರಿಸ್ತನಿಂದ ಬಂದದ್ದು ಎಂಬುದು ನಂಬಿಕೆ, ಹಾಗಾಗಿ ಮತ ಹಾಕಿದವರು ಅದನ್ನು ಹಿಂಪಡೆಯುವಂತಿಲ್ಲ. ಶಾಸಕರು ಐದು ವರ್ಷಕ್ಕೆ ಮತ್ತೆ ಜನರ ಮುಂದೆ ನಿಲ್ಲಬೇಕು.

ಪೋಪ್ ಜತೆ ನಿಜವಾದ ಹೋಲಿಕೆ ಇರುವುದು ‘ಜನರ ದನಿ ನಾನೇ’ ಎನ್ನುವ ನಾಯಕನಲ್ಲಿ. ಗೆಲ್ಲುವುದು ಮತದಿಂದ, ಗೆದ್ದ ಮೇಲೆ ತನ್ನ ಮಾತು ತಪ್ಪಲಾರದು ಎಂಬ ಧೋರಣೆ, ಟೀಕಿಸಿದವರು ದ್ರೋಹಿಗಳು. ಅಪಾಯ ಇಲ್ಲೇ ಇದೆ. ಪೋಪ್‌ರ ‘ತಪ್ಪಲಾರದ ಬೋಧನೆ’ಗೂ 1870ರ ವ್ಯಾಟಿಕನ್ ಮಹಾಸಭೆ ಗಡಿ ಹಾಕಿದೆ: ವಿಶ್ವಾಸ, ನೀತಿಯ ಬಗ್ಗೆ ಪೋಪ್ ತಮ್ಮ ಪೀಠದಿಂದ ವಿಧಿವತ್ತಾಗಿ ಸಾರಿದ್ದಕ್ಕೆ ಮಾತ್ರ ಅದು ಅನ್ವಯ. ಇಂಥ ನಾಯಕನಿಗೆ ಆ ಗಡಿಯೂ ಇಲ್ಲ, ಕಬ್ಬಿನ ದರದಿಂದ ಗಡಿ ವಿವಾದದವರೆಗೆ ಎಲ್ಲದಕ್ಕೂ ಅವನದೇ ಕೊನೆಯ ಮಾತು.