ಜ್ಯಾಂಗೋ ಬುಕಿಂಗ್ ಆ್ಯಪ್‌ಗೆ ಯಾವ ಸರ್ವರ್? ಮೊದಲು ಟೋಕನ್ ಲೆಕ್ಕ ಎಲ್ಲಿಟ್ಟಿದ್ದೀರಿ ಹೇಳಿ

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋದಲ್ಲಿ ಕ್ಲಿನಿಕ್ ಟೋಕನ್ ಬುಕಿಂಗ್ ಆ್ಯಪ್ ಬರೆದಿದ್ದೀರಿ. ಲ್ಯಾಪ್‌ಟಾಪ್‌ನಲ್ಲಿ ಜ್ಯಾಂಗೋ ಜೊತೆಗೇ ಬರುವ ರನ್‌ಸರ್ವರ್ ಸಾಕಾ, ಪ್ರೊಡಕ್ಷನ್‌ಗೆ (ಜನ ಬಳಸುವ ನಿಜವಾದ ಸೈಟಿಗೆ) ಗುನಿಕಾರ್ನ್, ಯುಡಬ್ಲ್ಯೂಎಸ್‌ಜಿಐ, ಮಾಡ್ ಡಬ್ಲ್ಯೂಎಸ್‌ಜಿಐ ಈ ಮೂರು ಸರ್ವರ್‌ಗಳಲ್ಲಿ ಯಾವುದು ಫಾಸ್ಟ್ ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ದುಡ್ಡು ಕಟ್ಟುವವರೆಗೆ ಸ್ಲಾಟನ್ನು ಹಿಡಿದಿಡಲು ಜ್ಯಾಂಗೋದ ಕ್ಯಾಶ್ (cache, ಮಾಹಿತಿಯನ್ನು ತಾತ್ಕಾಲಿಕವಾಗಿ ಇಡುವ ಜಾಗ) ಬಳಸಿದ್ದೇನೆ, ಅದರ ಸೆಟ್ಟಿಂಗ್ ಏನೂ ಮುಟ್ಟಿಲ್ಲ ಅಂತ. ಆ ಸಾಲಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ನಾನೂ ಅದನ್ನೇ ಮಾಡಿದ್ದೆ.

ನನ್ನದು ಬಸ್ ಟಿಕೆಟ್. ಬೆಂಗಳೂರಿನಿಂದ ಮಲೆನಾಡಿನ ಕಡೆ ರಾತ್ರಿ ಬಸ್ ಓಡಿಸುವ ಸಣ್ಣ ಸಂಸ್ಥೆಯೊಂದಕ್ಕೆ ಬುಕಿಂಗ್ ಸೈಟ್ ಮಾಡಿಕೊಟ್ಟಿದ್ದೆ. ಪ್ರಯಾಣಿಕರು ಸೀಟು ಆರಿಸಿದ ಕೂಡಲೇ ಆ ಸೀಟನ್ನು 10 ನಿಮಿಷ ಅವರ ಹೆಸರಲ್ಲಿ ಹಿಡಿದಿಡಬೇಕು. ಅಷ್ಟರಲ್ಲಿ ದುಡ್ಡು ಕಟ್ಟಿದರೆ ಟಿಕೆಟ್, ಇಲ್ಲದಿದ್ದರೆ ಸೀಟು ಮತ್ತೆ ಖಾಲಿ. ಜ್ಯಾಂಗೋದ ಕ್ಯಾಶ್‌ನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹಾಗೆ ಒಂದು ಫಂಕ್ಷನ್ ಇದೆ, ಆ್ಯಡ್ ಅಂತ. ಆ ಹೆಸರಿನ ಕೀ ಮೊದಲೇ ಇದ್ದರೆ ಸೇರಿಸಲ್ಲ, ಇಲ್ಲದಿದ್ದರೆ ಸೇರಿಸುತ್ತದೆ. ಟೈಮ್ ಮುಗಿದ ಮೇಲೆ ತಾನೇ ಅಳಿಸಿಕೊಳ್ಳುತ್ತದೆ. ಎರಡು ಸಾಲಿನ ಕೋಡ್. ಎರಡು ಬ್ರೌಸರ್ ತೆರೆದು ಒಂದೇ ಸೀಟು ಒತ್ತಿ ನೋಡಿದೆ. ಎರಡನೆಯದರಲ್ಲಿ 'ಈ ಸೀಟನ್ನು ಬೇರೆಯವರು ಆರಿಸಿದ್ದಾರೆ' ಅಂತ ಬಂತು. ಟೆಸ್ಟ್ ಬರೆದೆ, ಅದೂ ಪಾಸ್ ಆಯಿತು.

ಪ್ರೊಡಕ್ಷನ್‌ಗೆ ಗುನಿಕಾರ್ನ್ ಹಾಕಿದೆ, ಅದರ ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್. ಅಲ್ಲೂ ತಿಂಗಳುಗಟ್ಟಲೆ ಒಂದು ದೂರೂ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೇ ಈ ಕಥೆಯ ಮುಖ್ಯ ಭಾಗ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಏನೂ ಹೇಳದೆ ಗುನಿಕಾರ್ನ್ ಶುರು ಮಾಡಿದರೆ ಅದು ಒಂದೇ ವರ್ಕರ್, ಅಂದರೆ ರಿಕ್ವೆಸ್ಟ್‌ಗಳಿಗೆ ಉತ್ತರ ಕೊಡುವ ಒಂದೇ ಪ್ರೋಸೆಸ್, ಹುಟ್ಟಿಸುತ್ತದೆ. ಆ ವರ್ಕರ್ ಸಿಂಕ್ ಮಾದರಿಯದು, ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಅಂದರೆ ನನ್ನ ಇಡೀ ಸೈಟು ಒಂದೇ ಪ್ರೋಸೆಸ್‌ನಲ್ಲಿ ಓಡುತ್ತಿತ್ತು. ಲ್ಯಾಪ್‌ಟಾಪ್‌ನ ರನ್‌ಸರ್ವರ್ ಕೂಡ ಒಂದೇ ಪ್ರೋಸೆಸ್. ಅದರಲ್ಲಿ ಹಲವು ಥ್ರೆಡ್‌ಗಳು ಇರುತ್ತವೆ, ಆದರೆ ಎಲ್ಲಾ ಥ್ರೆಡ್‌ಗಳಿಗೂ ಮೆಮೊರಿ ಒಂದೇ. ಟೆಸ್ಟ್ ಕ್ಲೈಂಟ್ ಓಡುವುದೂ ಒಂದೇ ಪ್ರೋಸೆಸ್‌ನಲ್ಲೇ. ನಾನು ನೋಡಿದ ಕಡೆಯೆಲ್ಲಾ ಪ್ರೋಸೆಸ್ ಒಂದೇ ಇತ್ತು.

ದೀಪಾವಳಿ ಹತ್ತಿರ ಬಂತು. ಸೈಟು ನಿಧಾನವಾಯಿತು. ಒಬ್ಬರ ಪಾವತಿಗಾಗಿ ಪೇಮೆಂಟ್ ಗೇಟ್‌ವೇ ಜೊತೆ ಮಾತಾಡುತ್ತಾ ವರ್ಕರ್ ಕಾಯುತ್ತಿದ್ದರೆ ಉಳಿದವರೆಲ್ಲಾ ಕ್ಯೂನಲ್ಲಿ ನಿಲ್ಲಬೇಕಿತ್ತು. ಗುನಿಕಾರ್ನ್ ಡಾಕ್ಯುಮೆಂಟೇಶನ್ ತೆರೆದೆ. ಕೋರ್‌ಗಳ ಸಂಖ್ಯೆಯ ಎರಡರಷ್ಟು, ಜೊತೆಗೆ ಒಂದು, ಅಷ್ಟು ವರ್ಕರ್ ಇಟ್ಟು ಶುರು ಮಾಡಿ ಅಂತ ಅದರಲ್ಲಿದೆ. ನಮ್ಮದು 2 ಕೋರ್ ಯಂತ್ರ. ವರ್ಕರ್ 5 ಮಾಡಿದೆ. ಸೈಟು ಹಾರಿಕೊಂಡು ಹೋಯಿತು. ಮಾಲೀಕರು ಫೋನ್ ಮಾಡಿ 'ಚೆನ್ನಾಗ್ ಮಾಡಿದ್ರಿ ಕಣ್ರಿ' ಅಂದರು.

ಹಬ್ಬದ ಹಿಂದಿನ ರಾತ್ರಿ ಆನಂದರಾವ್ ಸರ್ಕಲ್‌ನಿಂದ ಕಂಡಕ್ಟರ್ ಫೋನ್ ಬಂತು. 'ಸಾರ್, ಒಂದೇ ಬರ್ತಿಗೆ ಇಬ್ರು ಟಿಕೆಟ್ ಹಿಡ್ಕೊಂಡು ನಿಂತವ್ರೆ. ಇಬ್ರ ಮೆಸೇಜೂ ಸರಿಯಾಗೈತೆ. ಯಾರನ್ನ ಇಳಿಸ್ಲಿ?' ಒಬ್ಬರು ವಯಸ್ಸಾದ ತಾಯಿಯ ಜೊತೆ ಊರಿಗೆ ಹೊರಟಿದ್ದವರು. ಇನ್ನೊಬ್ಬರದು ವರ್ಷಕ್ಕೊಮ್ಮೆ ಸಿಗುವ ರಜೆ. ಆ ರಾತ್ರಿ ಬೇರೆ ಯಾವ ಬಸ್ಸಿನಲ್ಲೂ ಸೀಟಿರಲಿಲ್ಲ. ಅಂಥ ಫೋನು ಅದೊಂದೇ ಅಲ್ಲ, ಬೇರೆ ಬಸ್ಸುಗಳಿಂದಲೂ ಬಂದವು. ದುಡ್ಡು ವಾಪಸ್ ಕೊಟ್ಟೆವು. ಹಬ್ಬಕ್ಕೆ ಮನೆ ಸೇರಲಾಗದವರಿಗೆ ದುಡ್ಡು ವಾಪಸ್ ಬಂದರೆ ಏನು ಸಮಾಧಾನ? ಆ ಸಂಸ್ಥೆ ಮುಂದಿನ ವರ್ಷ ನನ್ನ ಕೈಯಿಂದ ಕೆಲಸ ಕಿತ್ತುಕೊಂಡಿತು. ಅವರು ಮಾಡಿದ್ದು ಸರಿ.

ಮೊದಲು ಪೇಮೆಂಟ್ ಗೇಟ್‌ವೇ ಮೇಲೆ ಅನುಮಾನ ಬಂತು, ಒಂದೇ ಪಾವತಿಯನ್ನು ಎರಡು ಸಲ ತಿಳಿಸುತ್ತಿದೆಯೇನೋ ಅಂತ. ನೋಡಿದರೆ ಹೆಸರು ಬೇರೆ, ಮೊಬೈಲ್ ಬೇರೆ, ಪಾವತಿ ಬೇರೆ. ಆಮೇಲೆ ಗುನಿಕಾರ್ನ್ ಮೇಲೆ ಅನುಮಾನ. ಅದನ್ನು ಕಿತ್ತು ಯುಡಬ್ಲ್ಯೂಎಸ್‌ಜಿಐ ಹಾಕಿದೆ, ಅಷ್ಟೇ ಪ್ರೋಸೆಸ್‌ಗಳ ಜೊತೆ. ಅದೇ ತೊಂದರೆ. ಕೊನೆಗೆ ಸೀಟು ಹಿಡಿಯುವ ಕಡೆ ಲಾಗ್ ಸಾಲಿಗೆ ಪ್ರೋಸೆಸ್ ಐಡಿ ಸೇರಿಸಿದೆ. ಒಂದೇ ಬಸ್ಸು, ಒಂದೇ ಸೀಟು, ಎರಡು ನಿಮಿಷದ ಅಂತರ, ಎರಡು ಸಲವೂ 'ಹಿಡಿದಿದೆ'. ಪ್ರೋಸೆಸ್ ಐಡಿ ಮಾತ್ರ ಬೇರೆ ಬೇರೆ.

ಜ್ಯಾಂಗೋದಲ್ಲಿ ಕ್ಯಾಶ್‌ಗೆ ಯಾವ ಸೆಟ್ಟಿಂಗೂ ಕೊಡದಿದ್ದರೆ ಲೋಕ್‌ಮೆಮ್‌ಕ್ಯಾಶ್ ಬರುತ್ತದೆ. ಹೆಸರೇ ಹೇಳುವಂತೆ ಅದು ಇರುವುದು ಆ ಪ್ರೋಸೆಸ್‌ನ ಮೆಮೊರಿಯಲ್ಲಿ. ಪ್ರತಿ ಪ್ರೋಸೆಸ್‌ಗೂ ತನ್ನದೇ ಪ್ರತ್ಯೇಕ ಕ್ಯಾಶ್, ಒಂದರದು ಇನ್ನೊಂದಕ್ಕೆ ಕಾಣಲ್ಲ ಅಂತ ಜ್ಯಾಂಗೋ ಡಾಕ್ಯುಮೆಂಟೇಶನ್‌ನಲ್ಲೇ ಸ್ಪಷ್ಟವಾಗಿದೆ. ಐದು ವರ್ಕರ್ ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಐದು ಕೌಂಟರ್ ತೆರೆದು ಪ್ರತಿ ಗುಮಾಸ್ತರಿಗೂ ಬೇರೆ ಬೇರೆ ನೋಟ್‌ಬುಕ್ ಕೊಟ್ಟ ಹಾಗೆ. ಎಲ್ಲಾ ವರ್ಕರ್‌ಗಳೂ ಕಿವಿಗೊಡುವುದು ಒಂದೇ ಸಾಕೆಟ್‌ಗೆ. ಬಂದ ರಿಕ್ವೆಸ್ಟ್ ಯಾರ ಕೈಗೆ ಸಿಗುತ್ತದೆ ಅನ್ನುವುದನ್ನು ನಿಮ್ಮ ಕೋಡ್ ಹೇಳಲಾಗದು. ಮೊದಲ ಪ್ರಯಾಣಿಕರು ಒಂದನೇ ವರ್ಕರ್‌ನಲ್ಲಿ ಸೀಟು ಹಿಡಿದರು. ಎರಡನೆಯವರು ಮೂರನೇ ವರ್ಕರ್ ಕೈಗೆ ಸಿಕ್ಕರು. ಅದರ ಲೆಕ್ಕದಲ್ಲಿ ಸೀಟು ಖಾಲಿ. ಇಬ್ಬರೂ ದುಡ್ಡು ಕಟ್ಟಿದರು.

ದುಡ್ಡು ಬಂದ ಮೇಲೆ ಟಿಕೆಟ್ ಬರೆಯುವಾಗ ನಾನು ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ. ಸೀಟು ಹಿಡಿದಾಗಿದೆಯಲ್ಲ, ಇನ್ನೇಕೆ ಅಂದುಕೊಂಡಿದ್ದೆ. ಡೇಟಾಬೇಸ್ ಟೇಬಲ್‌ನಲ್ಲಿ ಒಂದೇ ಸೀಟು ಎರಡು ಸಲ ದಾಖಲಾಗದಂತೆ ತಡೆಯುವ ಯುನೀಕ್ ಕನ್‌ಸ್ಟ್ರೇಂಟ್ ಇರಲಿಲ್ಲ. ಮಾಮೂಲಿ ದಿನಗಳಲ್ಲಿ ಒಂದೇ ಸೀಟನ್ನು ಹತ್ತು ನಿಮಿಷದೊಳಗೆ ಇಬ್ಬರು ಒತ್ತುವುದು ಅಪರೂಪ. ಹಬ್ಬದ ಹಿಂದಿನ ದಿನ ಅದು ಪ್ರತಿ ಬಸ್ಸಿನಲ್ಲೂ ಆಗುತ್ತದೆ.

ಇನ್ನೂ ಎರಡು ವಿಷಯ ಆಮೇಲೆ ಕಂಡವು. ಒಂದು, ಲೋಕ್‌ಮೆಮ್‌ಕ್ಯಾಶ್ ತಾನಾಗಿ ಇಟ್ಟುಕೊಳ್ಳುವುದು 300 ಎಂಟ್ರಿ ಮಾತ್ರ. ಅದು ತುಂಬಿದರೆ ಮೂರನೇ ಒಂದು ಪಾಲನ್ನು ಎಸೆದು ಜಾಗ ಮಾಡಿಕೊಳ್ಳುತ್ತದೆ. ಅಂದರೆ ಒಂದೇ ವರ್ಕರ್ ಇದ್ದರೂ, ರಶ್ ಜಾಸ್ತಿಯಾದರೆ ಹಿಡಿದಿಟ್ಟ ಸೀಟುಗಳು ಸದ್ದಿಲ್ಲದೆ ಮಾಯವಾಗುತ್ತವೆ. ಅದರಲ್ಲಿ ಅದರ ತಪ್ಪಿಲ್ಲ. ಕ್ಯಾಶ್ ಇರುವುದೇ ಕಳೆದುಹೋದರೂ ಪರವಾಗಿಲ್ಲ ಅನ್ನುವಂಥದ್ದನ್ನು ಇಡಲು. ಎರಡು, ಗುನಿಕಾರ್ನ್‌ನ ಟೈಮ್‌ಔಟ್ 30 ಸೆಕೆಂಡ್. ಅಷ್ಟು ಹೊತ್ತು ಸದ್ದಿಲ್ಲದ ವರ್ಕರನ್ನು ಅದು ಕೊಂದು ಹೊಸದನ್ನು ಹುಟ್ಟಿಸುತ್ತದೆ. ಸತ್ತ ವರ್ಕರ್ ಜೊತೆ ಅದರ ಮೆಮೊರಿಯೂ ಹೋಯಿತು, ಸೀಟುಗಳೂ ಹೋದವು. ನನ್ನ ಹಳೇ ಲಾಗ್‌ಗಳಲ್ಲಿ 'ವರ್ಕರ್ ಟೈಮ್‌ಔಟ್' ಸಾಲುಗಳು ಮೊದಲಿನಿಂದಲೂ ಇದ್ದವು. ರನ್‌ಸರ್ವರ್‌ನಲ್ಲೂ ಫೈಲ್ ಸೇವ್ ಮಾಡಿದಾಗಲೆಲ್ಲಾ ಅದು ಮತ್ತೆ ಶುರುವಾಗಿ ಸೀಟುಗಳು ಖಾಲಿಯಾಗುತ್ತಿದ್ದವು. ಡೆವಲಪ್‌ಮೆಂಟ್‌ನಲ್ಲಿ ಹಾಗೇ ಇರುತ್ತದೆ ಅಂತ ಬಿಟ್ಟಿದ್ದೆ. ಅಲ್ಲೇ ಸುಳಿವಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಯಾವುದು ಫಾಸ್ಟ್' ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಇಂಥ ಹೋಲಿಕೆಗಳು ಹೆಚ್ಚಾಗಿ ಒಂದು ಸಾಲು ಅಕ್ಷರ ಕಳಿಸುವ ಖಾಲಿ ಆ್ಯಪ್ ಮೇಲೆ ಮಾಡಿದವು. ನಿಮ್ಮ ಆ್ಯಪ್ ಟೈಮ್ ಕಳೆಯುವುದು ಡೇಟಾಬೇಸ್ ಕ್ವೆರಿಯಲ್ಲಿ ಮತ್ತು ಪೇಮೆಂಟ್ ಗೇಟ್‌ವೇ ಉತ್ತರಕ್ಕೆ ಕಾಯುವುದರಲ್ಲಿ. ಸರ್ವರ್ ಬದಲಿಸಿ ಅಲ್ಲಿ ಏನೂ ಉಳಿಸಲಾಗದು. ಪೈಥಾನ್‌ನಲ್ಲಿ ವೆಬ್ ಸರ್ವರ್ ಮತ್ತು ಆ್ಯಪ್ ನಡುವಿನ ಒಪ್ಪಂದ 2003ರಲ್ಲೇ ಪೆಪ್ 333 (ಪೈಥಾನ್ ಸಮುದಾಯದ ಪ್ರಸ್ತಾವನೆ ದಾಖಲೆ) ಆಗಿ ಬಂದಿದೆ, ಅದೇ ಡಬ್ಲ್ಯೂಎಸ್‌ಜಿಐ. ಆ ಒಪ್ಪಂದ ಇರುವುದರಿಂದಲೇ ಗುನಿಕಾರ್ನ್ ತೆಗೆದು ಇನ್ನೊಂದು ಹಾಕಲು ನಿಮ್ಮ ಕೋಡ್ ಮುಟ್ಟಬೇಕಿಲ್ಲ. ಇಷ್ಟು ಸುಲಭವಾಗಿ ಬದಲಿಸಬಹುದಾದ ವಿಷಯಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ.

ಗುನಿಕಾರ್ನ್ ಹಾಕಿ. ಮುಂದೆ ಎಂಜಿನ್‌ಎಕ್ಸ್ ಇರಲೇಬೇಕು. ನಿಧಾನ ನೆಟ್‌ವರ್ಕ್‌ನಲ್ಲಿರುವ ರೋಗಿಯೊಬ್ಬರ ಫೋನ್ ರಿಕ್ವೆಸ್ಟನ್ನು ತುಂಡು ತುಂಡಾಗಿ ಕಳಿಸುತ್ತಿದ್ದರೆ ಸಿಂಕ್ ವರ್ಕರ್ ಅಷ್ಟು ಹೊತ್ತೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಂಜಿನ್‌ಎಕ್ಸ್ ಪೂರ್ತಿ ರಿಕ್ವೆಸ್ಟ್ ಬರುವವರೆಗೆ ತಾನು ಕಾದು ಆಮೇಲೆ ಒಟ್ಟಿಗೆ ಒಪ್ಪಿಸುತ್ತದೆ. ಯುಡಬ್ಲ್ಯೂಎಸ್‌ಜಿಐ ಒಳ್ಳೆಯದೇ, ಆದರೆ ಅದೀಗ ಮೇಂಟೆನೆನ್ಸ್ ಮೋಡ್‌ನಲ್ಲಿದೆ, ಅಂದರೆ ಮುಖ್ಯವಾಗಿ ದೋಷ ತಿದ್ದುವುದಷ್ಟೇ ನಡೆಯುತ್ತಿದೆ, ಹೊಸ ಪ್ರಾಜೆಕ್ಟ್‌ಗೆ ಬೇಡ. ನಿಮ್ಮ ಆಫೀಸಿನಲ್ಲಿ ಅಪಾಚೆ ವೆಬ್ ಸರ್ವರ್ ಮೊದಲೇ ಓಡುತ್ತಿದ್ದು ಅದನ್ನು ನೋಡಿಕೊಳ್ಳುವವರು ಇದ್ದರೆ ಅದರೊಳಗೇ ಕೂರುವ ಮಾಡ್ ಡಬ್ಲ್ಯೂಎಸ್‌ಜಿಐ ಹಾಕಿ, ಇಲ್ಲದಿದ್ದರೆ ಅದರ ಗೊಡವೆ ಬೇಡ. ರನ್‌ಸರ್ವರನ್ನು ಮಾತ್ರ ಹೊರಗಿನ ಜನಕ್ಕೆ ತೋರಿಸಬೇಡಿ. ಅದಕ್ಕೆ ಸೆಕ್ಯುರಿಟಿ ಆಡಿಟ್ ಆಗಲೀ ಪರ್ಫಾರ್ಮೆನ್ಸ್ ಟೆಸ್ಟ್ ಆಗಲೀ ಆಗಿಲ್ಲ ಅಂತ ಜ್ಯಾಂಗೋದವರೇ ಬರೆದಿದ್ದಾರೆ.

ಡೆವಲಪ್‌ಮೆಂಟ್‌ಗೊಂದು, ಪ್ರೊಡಕ್ಷನ್‌ಗೊಂದು ಅಂತ ಎರಡು ಸರ್ವರ್ ಆರಿಸುವ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಕೋಡ್ ಬರೆಯುವಾಗ ರನ್‌ಸರ್ವರ್ ಇರಲಿ, ಸೇವ್ ಮಾಡಿದ ಕೂಡಲೇ ಬದಲಾವಣೆ ಕಾಣುವುದು ಬಹಳ ಅನುಕೂಲ. ಆದರೆ ಕೆಲಸ ಮುಗಿಯಿತು ಅನ್ನುವ ಮೊದಲು ಅದೇ ಲ್ಯಾಪ್‌ಟಾಪ್‌ನಲ್ಲಿ ಗುನಿಕಾರ್ನ್ ಓಡಿಸಿ. ಕನಿಷ್ಠ ಮೂರು ವರ್ಕರ್ ಇಡಿ. ಜ್ಯಾಂಗೋ ಸೆಟ್ಟಿಂಗ್‌ನಲ್ಲಿ ಡೀಬಗ್ ಆಫ್ ಮಾಡಿ. ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್ ಮಾಯವಾದರೆ ಹೆದರಬೇಡಿ, ಸ್ಟ್ಯಾಟಿಕ್ ಫೈಲ್‌ಗಳನ್ನು ಇಷ್ಟು ದಿನ ರನ್‌ಸರ್ವರ್ ಹಂಚುತ್ತಿತ್ತು, ಗುನಿಕಾರ್ನ್ ಹಂಚುವುದಿಲ್ಲ. ಆ ಕೆಲಸವನ್ನು ಆ್ಯಪ್ ಒಳಗಿಂದಲೇ ಮಾಡುವ ವೈಟ್‌ನಾಯ್ಸ್ ಪ್ಯಾಕೇಜ್ ಸೇರಿಸಿ ಅಥವಾ ಎಂಜಿನ್‌ಎಕ್ಸ್‌ಗೆ ವಹಿಸಿ. ಅದೂ ಡಿಪ್ಲಾಯ್ ದಿನ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ ಅಲ್ವಾ?

ಡೇಟಾಬೇಸ್ ವಿಷಯದಲ್ಲೂ ಇದೇ ಮಾತು. ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಲೈಟ್, ಪ್ರೊಡಕ್ಷನ್‌ನಲ್ಲಿ ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳಬೇಡಿ. ಸೆಲೆಕ್ಟ್ ಫಾರ್ ಅಪ್‌ಡೇಟ್ ಅಂತ ಟೇಬಲ್‌ನ ಸಾಲಿಗೆ ಲಾಕ್ ಹಾಕುವ ಸೌಲಭ್ಯ ಜ್ಯಾಂಗೋದಲ್ಲಿದೆ. ಎಸ್‌ಕ್ಯೂಲೈಟ್ ಮೇಲೆ ಅದಕ್ಕೆ ಯಾವ ಪರಿಣಾಮವೂ ಇಲ್ಲ, ಎರರ್ ಕೂಡ ಬರುವುದಿಲ್ಲ. ಲಾಕ್ ಇದೆ ಅಂತ ನೀವು ನಂಬಿರುತ್ತೀರಿ, ಲಾಕ್ ಇರುವುದಿಲ್ಲ.

ಇಷ್ಟು ಓದಿದ ಮೇಲೆ 'ಒಂದೇ ವರ್ಕರ್ ಇಟ್ಟು ಥ್ರೆಡ್ ಜಾಸ್ತಿ ಮಾಡಿದರೆ ಆಯ್ತಲ್ಲ' ಅಂತ ಯಾರಾದರೂ ಹೇಳಬಹುದು. ಹೌದು, ಗುನಿಕಾರ್ನ್‌ಗೆ ಥ್ರೆಡ್ ಸಂಖ್ಯೆ ಕೊಟ್ಟರೆ ಅದು ಥ್ರೆಡ್ ಮಾದರಿಯ ವರ್ಕರ್ ಬಳಸುತ್ತದೆ, ಮೆಮೊರಿ ಒಂದೇ ಇರುತ್ತದೆ. ಆದರೆ ನೀವು ಹೊಸ ಕೋಡ್ ಹಾಕಿದ ಪ್ರತಿ ಸಲವೂ ಹಿಡಿದಿಟ್ಟ ಟೋಕನ್‌ಗಳು ಅಳಿಸಿಹೋಗುತ್ತವೆ. ಎರಡನೇ ಯಂತ್ರ ಬೇಕಾದ ದಿನ ಮತ್ತೆ ಇದೇ ಗೋಳು. ಹಾಗೆ ಮಾಡಬೇಡಿ.

ಟೋಕನ್ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಟೇಬಲ್‌ಗೆ ತನ್ನಿ. ಡಾಕ್ಟರ್, ದಿನಾಂಕ, ಸ್ಲಾಟ್ ಮೂರೂ ಸೇರಿ ಯುನೀಕ್ ಕನ್‌ಸ್ಟ್ರೇಂಟ್ ಹಾಕಿ. ಪಕ್ಕದಲ್ಲಿ ಎಷ್ಟು ಗಂಟೆವರೆಗೆ ಹಿಡಿದಿದೆ ಅನ್ನುವ ಕಾಲಮ್ ಇರಲಿ. ಸ್ಲಾಟ್ ಒತ್ತಿದಾಗ ಹೊಸ ಸಾಲು ಸೇರಿಸಲು ನೋಡಿ. ಆ ಸ್ಲಾಟ್‌ಗೆ ಸಾಲು ಮೊದಲೇ ಇದೆ ಅಂತ ಇಂಟಿಗ್ರಿಟಿ ಎರರ್ ಬಂದರೆ, ಅವಧಿ ಮುಗಿದ ಸಾಲನ್ನು ಮಾತ್ರ ಹೊಸಬರ ಹೆಸರಿಗೆ ಅಪ್‌ಡೇಟ್ ಮಾಡಿ. ಅವಧಿಯ ಷರತ್ತು ಆ ಅಪ್‌ಡೇಟ್‌ನೊಳಗೇ ಇರಲಿ. ಒಂದು ಸಾಲು ಬದಲಾಯಿತು ಅಂದರೆ ಸಿಕ್ಕಿತು, ಸೊನ್ನೆ ಅಂದರೆ ಬೇರೆಯವರ ಬಳಿ ಇದೆ. ದುಡ್ಡು ಬಂದ ಮೇಲೆ ಇನ್ನೊಮ್ಮೆ, ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೆ, ಆ ಸಾಲು ಇನ್ನೂ ಅದೇ ವ್ಯಕ್ತಿಯದಾ ಅಂತ ನೋಡಿ. ಅಲ್ಲದಿದ್ದರೆ ಟೋಕನ್ ಕೊಡದೆ ತಕ್ಷಣ ರೀಫಂಡ್ ಶುರು ಮಾಡಿ. ಆಗ ಐದು ವರ್ಕರ್ ಇರಲಿ, ಐವತ್ತಿರಲಿ, ಉತ್ತರ ಕೊಡುವುದು ಒಂದೇ ಟೇಬಲ್.

ವರ್ಕರ್‌ಗಳ ಹೊರಗೆ ಪ್ರತ್ಯೇಕವಾಗಿ ಓಡುವ ರೆಡಿಸ್ ಅನ್ನುವ ಸರ್ವರನ್ನು ಕ್ಯಾಶ್ ಆಗಿ ಬಳಸುವುದು ಯಾಕೆ ಬೇಡ ಅಂತ ಕೇಳುತ್ತೀರಿ. ಜ್ಯಾಂಗೋ 4.0ರಿಂದ ರೆಡಿಸ್ ಕ್ಯಾಶ್ ಒಳಗೇ ಸೇರಿಕೊಂಡಿದೆ, ಎಲ್ಲಾ ವರ್ಕರ್‌ಗಳಿಗೂ ಒಂದೇ ಕ್ಯಾಶ್ ಕಾಣುತ್ತದೆ. ಡಾಕ್ಟರ್‌ಗಳ ಪಟ್ಟಿ, ಮುಖಪುಟ, ಇಂಥದ್ದಕ್ಕೆ ಧಾರಾಳವಾಗಿ ಬಳಸಿ. ಆದರೆ ದುಡ್ಡು ಕೊಟ್ಟವರ ಜಾಗದ ಲೆಕ್ಕ ಬುಕಿಂಗ್ ಇರುವ ಡೇಟಾಬೇಸ್‌ನಲ್ಲೇ ಇರಬೇಕು ಅನ್ನುವುದು ನನ್ನ ಹಠ. ಎರಡು ಕಡೆ ಲೆಕ್ಕ ಇಟ್ಟರೆ ಎಂದಾದರೂ ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ, ಅದೂ ರಶ್ ಇರುವ ದಿನವೇ.

ನಿಮ್ಮದು ವಿಂಡೋಸ್ ಲ್ಯಾಪ್‌ಟಾಪ್ ಆದರೆ ಗುನಿಕಾರ್ನ್ ನೇರವಾಗಿ ಓಡುವುದಿಲ್ಲ, ಅದು ಯುನಿಕ್ಸ್‌ಗೆ ಬರೆದದ್ದು. ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಂಡು ಅದರೊಳಗೆ ಓಡಿಸಿ, ಡಾಕರ್ ಗೊತ್ತಿದ್ದರೆ ಅದಾದರೂ ಸರಿ. ಮೂರು ವರ್ಕರ್ ಶುರು ಮಾಡಿ, ಬ್ರೌಸರ್ ಬಿಟ್ಟು ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಒಂದೇ ಸ್ಲಾಟಿಗೆ ಇಪ್ಪತ್ತು ರಿಕ್ವೆಸ್ಟನ್ನು ಒಟ್ಟಿಗೆ ಕಳಿಸಿ. ಈಗಿನ ನಿಮ್ಮ ಕೋಡ್ ಮೇಲೆ ಇದನ್ನು ಇವತ್ತೇ ಮಾಡಿ ನೋಡಿ, ಒಂದಕ್ಕಿಂತ ಹೆಚ್ಚು ಜನರಿಗೆ ಅದೇ ಸ್ಲಾಟ್ ಸಿಗುವ ಸಾಧ್ಯತೆ ತುಂಬಾ ಇದೆ. ಟೇಬಲ್‌ಗೆ ಬದಲಿಸಿದ ಮೇಲೆ ಅದೇ ಸ್ಕ್ರಿಪ್ಟ್ ಮತ್ತೆ ಓಡಿಸಿ. ಆಗಲೂ ಇಬ್ಬರಿಗೆ ಸಿಕ್ಕಿದರೆ ಆ ಫಂಕ್ಷನ್ ಕೋಡನ್ನು ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.